ಕಿವಿ ಕಟ್ಟಿಕೊಂಡಿದೆ, ಬಿಡುತ್ತಲೇ ಇಲ್ಲ: ಯೂಸ್ಟೇಷಿಯನ್ ನಾಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೆಗಡಿ ಹೋಗಿ ವಾರವಾಯಿತು. ಕಿವಿ ಮಾತ್ರ ಇನ್ನೂ ಕಟ್ಟಿದ ಹಾಗೇ ಇದೆ. ಏನಾಗಿದೆ?

ಹೆಚ್ಚಿನವರಲ್ಲಿ ತೊಂದರೆ ಇರುವುದು ಕಿವಿಯ ತೂತಿನಲ್ಲಲ್ಲ, ಮೂಗಿನ ಹಿಂದೆ. ಕಿವಿತಮಟೆಯ ಒಳಗಡೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ, ಅದೇ ನಡುಗಿವಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಹೋಗುತ್ತದೆ, ಇದಕ್ಕೆ ಯೂಸ್ಟೇಷಿಯನ್ ನಾಳ ಎಂದು ಹೆಸರು. ದೊಡ್ಡವರಲ್ಲಿ ಇದರ ಉದ್ದ ಸುಮಾರು 36 ಮಿಲಿಮೀಟರ್. ಕಿವಿ ಕಡೆಯ ಮೂರನೇ ಒಂದು ಭಾಗ ಮೂಳೆ, ಮೂಗಿನ ಕಡೆಯ ಉಳಿದ ಭಾಗ ಮೃದ್ವಸ್ಥಿ, ಅಂದರೆ ಬಾಗುವ ಮೆದುಮೂಳೆ. ಈ ನಾಳ ಯಾವಾಗಲೂ ಮುಚ್ಚಿಯೇ ಇರುತ್ತದೆ. ನೀವು ಎಂಜಲು ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಎಳೆದು ಕ್ಷಣಮಾತ್ರ ತೆರೆಯುತ್ತದೆ, ಒಂದಿಷ್ಟು ಗಾಳಿ ಒಳಗೆ ಹೋಗುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ.

ನಡುಗಿವಿಯ ಒಳಪೊರೆ ಅಲ್ಲಿನ ಗಾಳಿಯನ್ನು ನಿಧಾನವಾಗಿ ಹೀರುತ್ತಲೇ ಇರುತ್ತದೆ. ನೆಗಡಿಯಲ್ಲಿ ನಾಳದ ಬಾಯಿ ಊದಿಕೊಂಡು ತೆರೆಯದಿದ್ದರೆ ಹೊಸ ಗಾಳಿ ಬರುವುದಿಲ್ಲ, ಒಳಗಿನ ಒತ್ತಡ ಇಳಿಯುತ್ತದೆ, ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಕಿವಿ ಗವ್ ಅನ್ನುವುದು, ಮಾತು ದೂರದಿಂದ ಕೇಳಿಸಿದಂತಾಗುವುದು, ನುಂಗಿದಾಗ ಪಟಪಟ ಸದ್ದು, ಎಲ್ಲ ಇದರಿಂದಲೇ. ಹಾಗೇ ಮುಂದುವರಿದರೆ ಪೊರೆಯಿಂದ ನೀರು ಒಸರಿ ನಡುಗಿವಿಯಲ್ಲಿ ತುಂಬುತ್ತದೆ. ಆಗ ತಲೆ ಅಲ್ಲಾಡಿಸಿದರೆ ಒಳಗೆ ಏನೋ ಹೊರಳಿದಂತೆ ಅನ್ನಿಸಬಹುದು. ಸಾಮಾನ್ಯ ನೆಗಡಿಯ ನಂತರದ ಕಟ್ಟು ಒಂದೆರಡು ವಾರದಲ್ಲಿ ತಾನಾಗಿ ಬಿಡುತ್ತದೆ.

ಇದು ಗುಗ್ಗೆಯೋ, ನಾಳದ ತೊಂದರೆಯೋ ಹೇಗೆ ತಿಳಿಯುವುದು?

ತಲೆಸ್ನಾನ ಮಾಡಿದ ಮೇಲೆ ಒಂದೇ ಕಿವಿ ತಟ್ಟನೆ ಮುಚ್ಚಿಕೊಂಡರೆ ಗುಗ್ಗೆ ಎಂದು ಅನುಮಾನಿಸಿ. ನೀರು ತಾಗಿ ಅದು ಉಬ್ಬಿರುತ್ತದೆ. ನೆಗಡಿ, ಸೀನು, ಘಾಟಿ ಪ್ರಯಾಣ ಇವುಗಳ ಬೆನ್ನಿಗೆ ಬಂದದ್ದು, ನುಂಗಿದಾಗ ಅರೆಗಳಿಗೆ ಬಿಟ್ಟು ಮತ್ತೆ ಕಟ್ಟುವುದು ನಾಳದ್ದು. ಆದರೆ ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಓಟೋಸ್ಕೋಪ್ ಇಟ್ಟು ನೋಡಿದರೆ ಅರ್ಧ ನಿಮಿಷದಲ್ಲಿ ಖಚಿತವಾಗುವ ವಿಷಯಕ್ಕೆ ತಿಂಗಳುಗಟ್ಟಲೆ ಊಹೆ ಮಾಡುತ್ತಾ ಕೂರಬೇಡಿ.

ಬೆಚ್ಚಗಿನ ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ ಬಿಟ್ಟರೆ ಬಿಡುವುದಿಲ್ಲವೇ?

ಇಲ್ಲ. ಹೊರಗಿನಿಂದ ಹಾಕಿದ ಎಣ್ಣೆ ತಮಟೆಯ ಹತ್ತಿರವೇ ನಿಲ್ಲುತ್ತದೆ, ಕಟ್ಟಿರುವ ಜಾಗ ಅದರಾಚೆ ಇದೆ. ತಮಟೆಯಲ್ಲಿ ತೂತಿದ್ದರಂತೂ ಎಣ್ಣೆ ನಡುಗಿವಿಗೇ ಇಳಿದು ಸೋಂಕಿಗೆ ದಾರಿ. ಬಡ್ಸ್, ಹೇರ್‌ಪಿನ್, ಸಂತೆ-ಜಾತ್ರೆಗಳಲ್ಲಿ ಕಿವಿ ಸ್ವಚ್ಛ ಮಾಡುವವರ ಕಡ್ಡಿ ಇವಕ್ಕೂ ಇದೇ ಉತ್ತರ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಇಯರ್ ಡ್ರಾಪ್ಸ್ ಕೂಡ ನಾಳವನ್ನು ತೆರೆಯುವುದಿಲ್ಲ. ಅದರಲ್ಲಿ ಜೆಂಟಮೈಸಿನ್, ನಿಯೋಮೈಸಿನ್ ಇದ್ದು ತಮಟೆ ತೂತಾಗಿದ್ದರೆ ಒಳಗಿವಿಗೇ ಪೆಟ್ಟು ಬೀಳಬಹುದು. ಈ ಕಾಯಿಲೆಯ ಔಷಧಿ ಮೂಗಿನ ಮೂಲಕ ಹೋಗಬೇಕು. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಬೆಳಿಗ್ಗೆ ಎದ್ದಾಗ ಒಂದು ಕಿವಿ ಸತ್ತಂತಾಗಿದ್ದರೆ, ಅಥವಾ ಗಂಟೆಗಳಲ್ಲಿ ಕೇಳುವುದು ನಿಂತರೆ, ಅದನ್ನು ‘ಕಟ್ಟಿದೆ, ಬಿಡುತ್ತೆ’ ಎಂದು ಬಿಡಬೇಡಿ. ಒಳಗಿವಿಯ ನರಸಂಬಂಧಿ ಕಿವುಡು ಕೂಡ ಶುರುವಿನಲ್ಲಿ ಹೀಗೇ ಕಟ್ಟಿದ ಭಾವ ಕೊಡುತ್ತದೆ. ಅದಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಆಗಬೇಕು, ಎರಡು ವಾರ ದಾಟಿದರೆ ಫಲ ತೀರಾ ಕಡಿಮೆ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಬಾಯಿ ಮುಚ್ಚಿ ‘ಮ್ಮ್ಮ್’ ಎಂದು ಗುನುಗಿ. ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿಸಿದರೆ ಗುಗ್ಗೆ, ನೀರು, ನಾಳ ಇಂಥ ತಡೆಯ ಸಾಧ್ಯತೆ ಹೆಚ್ಚು. ಚೆನ್ನಾಗಿರುವ ಕಿವಿಯ ಕಡೆಗೇ ಸದ್ದು ಹೋದರೆ ನರದ ತೊಂದರೆ ಇರಬಹುದು, ಅದೇ ದಿನ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ವೈದ್ಯರು 512 ಹರ್ಟ್ಸ್‌ನ ಶ್ರುತಿಕವೆಯನ್ನು (ತಟ್ಟಿದರೆ ನಾದ ಹೊರಡುವ ಲೋಹದ ಕವೆ) ಹಣೆಯ ಮೇಲಿಟ್ಟು ಮಾಡುವುದೂ ಇದೇ ಪರೀಕ್ಷೆ. ಗುನುಗು ಎರಡೂ ಕಡೆ ಸಮನಾಗಿ ಕೇಳಿಸಿತು, ಆದರೂ ಕಿವಿ ಕೇಳುತ್ತಿಲ್ಲ ಎಂದರೂ ಹೋಗಲೇಬೇಕು.

ಕಿವಿಯ ಹಿಂದೆ ಊತ, ಮುಖ ಒಂದು ಕಡೆ ಸೊಟ್ಟಗಾಗುವುದು, ಲೋಕವೇ ತಿರುಗುವಂಥ ತಲೆಸುತ್ತು, ದುರ್ವಾಸನೆಯ ಸೋರಿಕೆ, ಜ್ವರದ ಜೊತೆ ತಡೆಯಲಾಗದ ನೋವು ಇದ್ದರೂ ಕಾಯಬಾರದು.

ಈ ನಾಳ ಯಾಕೆ ಕಟ್ಟುತ್ತದೆ? ನಮ್ಮ ಕಡೆ ಇದು ಹೆಚ್ಚೇ?

ನೆಗಡಿ, ಮೂಗಿನ ಅಲರ್ಜಿ, ಸೈನಸ್ ಸೋಂಕು, ಮಕ್ಕಳಲ್ಲಿ ಅಡಿನಾಯ್ಡ್ (ಮೂಗಿನ ಹಿಂದಿನ ಮೆತ್ತನೆಯ ಗಂಟು) ಊದುವುದು, ಬೀಡಿ-ಸಿಗರೇಟು, ಹೊಟ್ಟೆಯ ಆಮ್ಲ ಗಂಟಲವರೆಗೆ ಮೇಲೇರುವುದು ಇವು ಮುಖ್ಯ ಕಾರಣಗಳು. ಸೀಳು ಅಂಗುಳಿರುವ ಮಕ್ಕಳಲ್ಲಿ ನಾಳ ತೆರೆಯುವ ಸ್ನಾಯುವೇ ಸರಿಯಾಗಿ ಜೋಡಣೆಯಾಗಿರುವುದಿಲ್ಲ, ಅವರಲ್ಲಿ ತೊಂದರೆ ಬಹಳ ಸಾಮಾನ್ಯ.

ಮಂಡ್ಯದ ಕಡೆ ಕಬ್ಬಿನ ತರಗಿಗೆ ಬೆಂಕಿ ಇಡುವಾಗ, ಆಲೆಮನೆಯ ಒಲೆ ಉರಿಯುವಾಗ ಏಳುವ ಹೊಗೆ, ಭತ್ತದ ಒಕ್ಕಣೆಯ ಧೂಳು; ಮೈಸೂರಿನಲ್ಲಿ ಖಾಲಿ ಸೈಟುಗಳಲ್ಲಿ ಬೆಳೆದ ಪಾರ್ಥೇನಿಯಂ, ಮುಚ್ಚಿದ ಕೋಣೆಯಲ್ಲಿ ಹಚ್ಚಿಟ್ಟ ಊದುಬತ್ತಿ: ಅಲರ್ಜಿಯ ಮೂಗಿರುವವರನ್ನು ಕೆಣಕುವುದಕ್ಕೆ ಇಷ್ಟು ಸಾಕು. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು, ಮೂಗಿನಲ್ಲಿ ನೀರು, ಕಣ್ಣಿನ ತುರಿಕೆ ಇದ್ದು ಜೊತೆಗೆ ಕಿವಿ ಕಟ್ಟುತ್ತಿದ್ದರೆ ಮೊದಲು ಮೂಗಿಗೆ ಚಿಕಿತ್ಸೆ ಮಾಡಿಸಿ. ಒಲೆಯ ಮುಂದೆ ಕೆಲಸ ಮಾಡುವವರು ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ದಪ್ಪ ಧೂಳು ತಡೆಯುತ್ತದೆ, ಹೊಗೆ ತಡೆಯುವುದಿಲ್ಲ. ಎನ್95 ಮಾಸ್ಕ್ ಬೇಕು.

ಊಟಿಗೆ ಹತ್ತುವಾಗ ಪರವಾಗಿಲ್ಲ, ಇಳಿಯುವಾಗ ಕಿವಿ ಒಡೆದು ಹೋಗುತ್ತದೆ. ಯಾಕೆ?

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಊಟಿ ಸುಮಾರು 2,240 ಮೀಟರ್. ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಹೆಚ್ಚುಕಡಿಮೆ ಆರನೇ ಒಂದು ಪಾಲು ಕಡಿಮೆ. ಹತ್ತುವಾಗ ನಡುಗಿವಿಯೊಳಗಿನ ಗಾಳಿಯ ಒತ್ತಡವೇ ಹೆಚ್ಚಾಗಿ ನಾಳವನ್ನು ತಳ್ಳಿಕೊಂಡು ಹೊರಬರುತ್ತದೆ, ನೀವೇನೂ ಮಾಡಬೇಕಿಲ್ಲ. ಇಳಿಯುವಾಗ ಹೊರಗಿನ ಒತ್ತಡ ಏರುತ್ತದೆ. ಅದು ನಾಳದ ಮೆತ್ತನೆಯ ಗೋಡೆಗಳನ್ನು ಇನ್ನಷ್ಟು ಅಪ್ಪಳಿಸಿ ಮುಚ್ಚುತ್ತದೆ. ಒಳಗೂ ಹೊರಗೂ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ವ್ಯತ್ಯಾಸವಾದರೆ ಸ್ನಾಯುವಿನ ಬಲಕ್ಕೆ ನಾಳ ತೆರೆಯುವುದೇ ಇಲ್ಲ.

ಅದಕ್ಕೇ ನೋವು ಶುರುವಾದ ಮೇಲೆ ನುಂಗುವುದಲ್ಲ, ಇಳಿಜಾರು ಶುರುವಾದಾಗಿನಿಂದಲೇ ನುಂಗುತ್ತಿರಬೇಕು. ಊಟಿಯಿಂದ ಗೂಡಲೂರಿಗೆ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಒಂದು ಸಾವಿರ ಮೀಟರಿನಷ್ಟು ಇಳಿಯುತ್ತೀರಿ. ಬಸ್ಸಿನಲ್ಲಿ ನಿದ್ದೆ ಮಾಡುವವರೇ ಹೆಚ್ಚು ಒದ್ದಾಡುವುದು, ನಿದ್ದೆಯಲ್ಲಿ ನುಂಗುವುದು ಕಡಿಮೆ. ಎಚ್ಚರವಿದ್ದು, ಒಂದೆರಡು ನಿಮಿಷಕ್ಕೊಮ್ಮೆ ಗುಟುಕು ನೀರು ಕುಡಿಯಿರಿ, ಇಲ್ಲವೇ ಪೆಪ್ಪರ್‌ಮಿಂಟ್ ಚೀಪಿ. ಸ್ವಂತ ಗಾಡಿಯಾದರೆ ಬಿಗಿದ ಕೂಡಲೇ ನಿಲ್ಲಿಸಿ, ಬಿಟ್ಟ ಮೇಲೆ ಇಳಿಯಿರಿ. ಬಿಡದಿದ್ದರೆ ಸ್ವಲ್ಪ ಮೇಲಕ್ಕೆ ಹತ್ತಿ ಪ್ರಯತ್ನಿಸುವುದು ಸರಿಯಾದ ಉಪಾಯ, ಯಾರೂ ಮಾಡುವುದಿಲ್ಲ ಅಷ್ಟೆ. ಚಾಮುಂಡಿ ಬೆಟ್ಟದ ಏರು ನಗರದಿಂದ ಸುಮಾರು 300 ಮೀಟರ್ ಮಾತ್ರ. ಅಷ್ಟಕ್ಕೇ ಪ್ರತಿ ಸಲ ಕಿವಿ ನೋಯುತ್ತಿದ್ದರೆ ತೋರಿಸಬೇಕಾದ ಕಾಲ ಬಂದಿದೆ.

ಮೂಗು ಹಿಡಿದು ಊದುವುದು ಒಳ್ಳೆಯದೋ ಕೆಟ್ಟದ್ದೋ?

ಮಾಡುವ ರೀತಿಯ ಮೇಲಿದೆ. ಮೊದಲು ಮೂಗನ್ನು ಮೆಲ್ಲಗೆ, ಒಂದೊಂದೇ ಹೊಳ್ಳೆ ಸೀದಿ ಖಾಲಿ ಮಾಡಿ. ಎರಡೂ ಹೊಳ್ಳೆ ಒತ್ತಿ, ಬಾಯಿ ಮುಚ್ಚಿ, ಕೆನ್ನೆ ಉಬ್ಬಿಸದೆ ಮೂಗಿನ ಕಡೆಗೆ ನಿಧಾನವಾಗಿ ಗಾಳಿ ಒತ್ತಿ. ಎರಡು-ಮೂರು ಸೆಕೆಂಡು ಸಾಕು. ‘ಟಪ್’ ಎಂದರೆ ಅಲ್ಲಿಗೆ ನಿಲ್ಲಿಸಿ. ಬಿಡಲಿಲ್ಲವೆಂದು ಮುಖ ಕೆಂಪಾಗುವಂತೆ ಊದಿದರೆ ತಮಟೆಗೆ, ಒಳಗಿವಿಯ ಪೊರೆಗೆ ಹಾನಿಯಾದೀತು. ಇನ್ನೊಂದು ವಿಧಾನ ಇನ್ನೂ ಮೃದು: ಮೂಗು ಹಿಡಿದುಕೊಂಡು ಒಂದು ಗುಟುಕು ನೀರು ನುಂಗುವುದು. ಎರಡನ್ನೂ ದಿನಕ್ಕೆ ಕೆಲವು ಸಲ ಮಾಡಬಹುದು.

ನೆಗಡಿ ಜೋರಾಗಿದ್ದು ಹಳದಿ-ಹಸಿರು ಸಿಂಬಳ ಬರುತ್ತಿರುವಾಗ ಊದಲೇಬೇಡಿ. ಆ ಕೀವನ್ನೇ ಕಿವಿಗೆ ತಳ್ಳಿದಂತಾಗುತ್ತದೆ. ಕಿವಿ ನೋವಿದ್ದಾಗಲೂ ಬೇಡ.

ಮೂಗಿನ ಸ್ಪ್ರೇ ಹೊಡೆದೂ ಹೊಡೆದೂ ಸಾಕಾಯಿತು, ಪ್ರಯೋಜನವಿಲ್ಲ.

ಮೊದಲು ಯಾವ ಸ್ಪ್ರೇ ಎಂದು ನೋಡಿ. ಎರಡು ಬಗೆ ಇವೆ, ಎರಡರ ಸ್ವಭಾವವೂ ಪೂರ್ತಿ ಬೇರೆ.

ಒಂದು ಸ್ಟೀರಾಯ್ಡ್ ಸ್ಪ್ರೇ: ಮೊಮೆಟಾಸೋನ್, ಫ್ಲೂಟಿಕಾಸೋನ್ ಇತ್ಯಾದಿ. ಅಲರ್ಜಿಯ ಊತ ಇಳಿಸಲು ಇದೇ ಮುಖ್ಯ ಔಷಧಿ. ಅಲರ್ಜಿಯೇ ಇಲ್ಲದವರಲ್ಲಿ ಬರಿಯ ನಾಳದ ತೊಂದರೆಗೆ ಇದರ ಫಲ ಅಷ್ಟಕ್ಕಷ್ಟೇ, ಅದನ್ನೂ ಹೇಳಿಬಿಡಬೇಕು. ಮೊಮೆಟಾಸೋನ್ ಆದರೆ ಒಂದು ಒತ್ತಿಗೆ 50 ಮೈಕ್ರೋಗ್ರಾಂ. ದೊಡ್ಡವರಿಗೆ ಸಾಮಾನ್ಯವಾಗಿ ಪ್ರತಿ ಹೊಳ್ಳೆಗೆ 2 ಒತ್ತು, ದಿನಕ್ಕೊಮ್ಮೆ. ಪೂರ್ಣ ಪರಿಣಾಮಕ್ಕೆ ಎರಡು ವಾರವಾದರೂ ಬೇಕು. ಎರಡು ದಿನ ಹೊಡೆದು, ಮೂರು ದಿನ ಮರೆತು, ಕಟ್ಟಿದಾಗ ಮಾತ್ರ ಹುಡುಕಿದರೆ ಕೆಲಸ ಮಾಡದು.

ಹೊಡೆಯುವ ರೀತಿಯಲ್ಲೇ ಬಹುಪಾಲು ಜನ ಎಡವುತ್ತಾರೆ. ಹೊಸ ಬಾಟಲಿಯನ್ನು ಕುಲುಕಿ, ಸಮನಾದ ತುಂತುರು ಬರುವವರೆಗೆ ಗಾಳಿಯಲ್ಲಿ ಒತ್ತಿ. ತಲೆಯನ್ನು ಹಿಂದಕ್ಕೆ ಎತ್ತಬೇಡಿ, ಸ್ವಲ್ಪ ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹೀಗೆ ಹಿಡಿದರೆ ಮೂತಿ ತಾನಾಗಿ ಮೂಗಿನ ನಡುಗೋಡೆಯಿಂದ ಆಚೆಗೆ, ಅದೇ ಕಡೆಯ ಕಿವಿಯತ್ತ ತಿರುಗುತ್ತದೆ. ನೇರ ನಡುಗೋಡೆಗೆ ಬಡಿದರೆ ರಕ್ತ ಬರುತ್ತದೆ, ಔಷಧಿಯೂ ಅಲ್ಲೇ ವ್ಯರ್ಥ. ಒತ್ತಿದಾಗ ಜೋರಾಗಿ ಎಳೆದುಕೊಳ್ಳಬೇಡಿ. ಗಂಟಲಲ್ಲಿ ಕಹಿ ಬಂತೆಂದರೆ ಔಷಧಿ ಮೂಗಿನಲ್ಲಿ ನಿಂತಿಲ್ಲ ಎಂದೇ ಅರ್ಥ.

ಇನ್ನೊಂದು ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಬಗೆಯ ಡ್ರಾಪ್ಸ್. ಹತ್ತು ನಿಮಿಷದಲ್ಲಿ ಮೂಗು ಬಿಡುತ್ತದೆ, ಆದ್ದರಿಂದಲೇ ಅಪಾಯ. 5 ದಿನಕ್ಕಿಂತ ಹೆಚ್ಚು ಬಳಸಿದರೆ ಔಷಧಿಯ ಬಲ ಇಳಿದಾಗೆಲ್ಲ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ, ಮತ್ತೆ ಹಾಕಬೇಕೆನಿಸುತ್ತದೆ. ವರ್ಷಗಟ್ಟಲೆ ಜೇಬಿನಲ್ಲೇ ಬಾಟಲಿ ಇಟ್ಟುಕೊಂಡು ತಿರುಗುವವರು ಕಡಿಮೆಯೇನಿಲ್ಲ. ಬಿಪಿ, ಹೃದಯದ ತೊಂದರೆ, ಗ್ಲಾಕೋಮ ಇರುವವರು ವೈದ್ಯರನ್ನು ಕೇಳದೆ ಇದನ್ನೂ ಫಿನೈಲೆಫ್ರಿನ್ ಇರುವ ನೆಗಡಿ ಮಾತ್ರೆಗಳನ್ನೂ ಮುಟ್ಟಬಾರದು.

ಉಪ್ಪುನೀರಿನಿಂದ ಮೂಗು ತೊಳೆಯುವ ಸರಿಯಾದ ಅಳತೆ?

1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸಮತಟ್ಟಾಗಿ ಒಂದೂವರೆ ಟೀ ಚಮಚ. ಅರ್ಧ ಟೀ ಚಮಚ ಅಡುಗೆ ಸೋಡಾ ಸೇರಿಸಿದರೆ ಉರಿ ಕಡಿಮೆ. ನೀರು ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು, ಬೋರ್‌ವೆಲ್ ನೀರು, ನಾಲೆಯ ನೀರನ್ನು ಹಾಗೇ ಮೂಗಿಗೆ ಹಾಕುವಂತಿಲ್ಲ. ಅಪರೂಪವಾದರೂ ಮಿದುಳಿಗೇ ಏರುವ ಅಮೀಬಾ ಸೋಂಕು ಪ್ರಾಣ ತೆಗೆಯುತ್ತದೆ. ಉಗುರುಬೆಚ್ಚಗಿರಲಿ, ಒಂದು ದಿನಕ್ಕಿಂತ ಇಟ್ಟುಕೊಳ್ಳಬೇಡಿ. ತೊಳೆದ ಮೇಲೆ ಮೂಗು ಹಿಡಿದು ಜೋರಾಗಿ ಸೀದಿದರೆ ನೀರು ಕಿವಿಗೆ ನುಗ್ಗುತ್ತದೆ. ಮುಂದಕ್ಕೆ ಬಾಗಿ ತಾನಾಗಿ ಇಳಿಯಲು ಬಿಡಿ. ಸ್ಪ್ರೇ ಬಳಸುವವರು ಮೊದಲು ತೊಳೆದು, ಹತ್ತು-ಹದಿನೈದು ನಿಮಿಷ ಬಿಟ್ಟು ಸ್ಪ್ರೇ ಹಾಕಲಿ.

ಆಂಟಿಬಯೋಟಿಕ್ ಬೇಡವೇ?

ಸೋಂಕಿಲ್ಲದ ಕಟ್ಟಿಗೆ ಬೇಡ.

ಪರೀಕ್ಷೆ ಏನೇನು? ಮೈಸೂರು, ಮಂಡ್ಯದಲ್ಲಿ ಎಲ್ಲಿ ಮಾಡಿಸಬಹುದು?

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದರೆ ಆಟೋದವರಿಗೂ ಗೊತ್ತು. ಶ್ರವಣ ಪರೀಕ್ಷೆಗೆ ದೇಶದ ಬೇರೆ ಕಡೆಯಿಂದ ಜನ ಇಲ್ಲಿಗೆ ಬರುತ್ತಾರೆ, ಹತ್ತಿರದವರು ಬಳಸಿಕೊಳ್ಳದಿರಲು ಕಾರಣವಿಲ್ಲ. ಕೆ.ಆರ್. ಆಸ್ಪತ್ರೆ ಮತ್ತು ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್‌ನಲ್ಲಿ ಕಿವಿ-ಮೂಗು-ಗಂಟಲು ವಿಭಾಗಗಳಿವೆ. ಹೋಗುವಾಗ ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದು, ಹಳೆಯ ಚೀಟಿಗಳು, ಬಳಸುತ್ತಿರುವ ಸ್ಪ್ರೇ ಬಾಟಲಿ ಎಲ್ಲ ಜೊತೆಗಿರಲಿ.

ಓಟೋಸ್ಕೋಪಿಯ ನಂತರ ಎಷ್ಟು ಕೇಳಿಸುತ್ತದೆಂದು ಅಳೆಯುವ ಆಡಿಯೋಮೆಟ್ರಿ, ಆಮೇಲೆ ಟಿಂಪನೋಮೆಟ್ರಿ. ಈ ಟಿಂಪನೋಮೆಟ್ರಿಯೇ ನಾಳದ ಬಗ್ಗೆ ಹೆಚ್ಚು ಹೇಳುತ್ತದೆ. ಕಿವಿಗೆ ರಬ್ಬರ್ ತುದಿ ಸಿಕ್ಕಿಸಿ ಒತ್ತಡವನ್ನು ಏರಿಳಿಸುತ್ತಾ ತಮಟೆ ಎಷ್ಟು ಅಲುಗುತ್ತದೆಂದು ಯಂತ್ರ ಅಳೆಯುತ್ತದೆ. ಒಂದು ನಿಮಿಷದ ಕೆಲಸ, ನೋವಿಲ್ಲ. ಕಾಗದದ ಮೇಲೆ ಗುಡ್ಡದಂಥ ಗೆರೆ ಬರುತ್ತದೆ. ಗುಡ್ಡದ ತುದಿ ಸೊನ್ನೆಯ ಆಸುಪಾಸಿದ್ದರೆ ‘ಎ’, ಸರಿಯಿದೆ. ಮೈನಸ್ 100 ಡೆಕಾಪ್ಯಾಸ್ಕಲ್ ದಾಟಿ ಎಡಕ್ಕೆ ಸರಿದಿದ್ದರೆ ‘ಸಿ’, ಒಳಗೆ ಒತ್ತಡ ಇಳಿದಿದೆ. ಗುಡ್ಡವೇ ಇಲ್ಲದೆ ಸಪಾಟಾಗಿದ್ದರೆ ‘ಬಿ’.

‘ಬಿ’ ಎಂದ ಕೂಡಲೇ ನೀರು ತುಂಬಿದೆ ಎಂದುಕೊಳ್ಳಬೇಡಿ. ಅದೇ ಕಾಗದದಲ್ಲಿ ತಮಟೆಯ ಹೊರಗಿನ ಕಿವಿದಾರಿಯ ಗಾತ್ರ ಮಿಲಿಲೀಟರಿನಲ್ಲಿ ಇರುತ್ತದೆ. ಅದು ಮಾಮೂಲಿನಷ್ಟಿದ್ದರೆ ನೀರು. ತುಂಬಾ ಹೆಚ್ಚಿದ್ದರೆ ತಮಟೆಯಲ್ಲಿ ತೂತು. ತೀರಾ ಕಡಿಮೆಯಿದ್ದರೆ ಗುಗ್ಗೆ ಅಡ್ಡ ಇದೆ, ಇಲ್ಲವೇ ತುದಿ ಕಿವಿಯ ಗೋಡೆಗೆ ಒತ್ತಿಕೊಂಡಿದೆ, ಮತ್ತೆ ಮಾಡಿಸಬೇಕು. ಘಾಟಿಯಲ್ಲೋ ವಿಮಾನದಲ್ಲೋ ಮಾತ್ರ ಕಟ್ಟುವವರಿಗೆ ಊರಿನಲ್ಲಿ ಮಾಡಿದ ಪರೀಕ್ಷೆ ‘ಎ’ ಬರುವುದೂ ಸಹಜ. ಅದರಿಂದ ನಿಮ್ಮ ತೊಂದರೆ ಸುಳ್ಳಾಗುವುದಿಲ್ಲ.

ಐದು ವರ್ಷದ ಮಗು ಟಿವಿ ಜೋರಾಗಿಡುತ್ತದೆ, ಕರೆದರೆ ತಿರುಗುವುದಿಲ್ಲ. ಹಟವೋ, ಕಿವಿಯೋ?

ಕಿವಿ ಪರೀಕ್ಷೆ ಮಾಡಿಸಿದ ಮೇಲೆ ಹಟದ ಮಾತು. ಮಕ್ಕಳ ನಾಳ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುತ್ತದೆ. ಅದರ ಬಾಯಿಯ ಪಕ್ಕದಲ್ಲೇ ಅಡಿನಾಯ್ಡ್ ಉಬ್ಬಿರುತ್ತದೆ. ಹೀಗಾಗಿ ನೋವಿಲ್ಲದೆ, ಜ್ವರವಿಲ್ಲದೆ ನೀರು ತುಂಬಿ 20-30 ಡೆಸಿಬಲ್ ಕೇಳುವಿಕೆ ಕಡಿಮೆಯಾಗಬಹುದು. ತರಗತಿಯ ಹಿಂದಿನ ಬೆಂಚಿಗೆ ಮೇಷ್ಟ್ರ ಮಾತು ಅರ್ಧಂಬರ್ಧ ಮುಟ್ಟುತ್ತದೆ. ಬಾಯಿ ತೆರೆದು ಮಲಗುವುದು, ಗೊರಕೆ ಇದ್ದರೆ ಅಡಿನಾಯ್ಡ್ ಅನುಮಾನ ಬಲವಾಗುತ್ತದೆ.

ಹೆಚ್ಚಿನ ಮಕ್ಕಳಲ್ಲಿ 3 ತಿಂಗಳಲ್ಲಿ ನೀರು ತಾನಾಗಿ ಇಂಗುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲೇ ಆಪರೇಷನ್ ಎಂದರೆ ಕಾರಣ ಕೇಳಿ. ಈ ಮೂರು ತಿಂಗಳು ಮುಂದಿನ ಬೆಂಚಿನಲ್ಲಿ ಕೂರಿಸಲು ಶಾಲೆಗೆ ತಿಳಿಸಿ, ಮುಖ ನೋಡಿ ಮಾತಾಡಿ, ಮನೆಯೊಳಗೆ ಬೀಡಿ-ಸಿಗರೇಟು ನಿಲ್ಲಿಸಿ. ನಾಲ್ಕು ವರ್ಷ ದಾಟಿದ ಮಕ್ಕಳು ಮೂಗಿನ ಹೊಳ್ಳೆಯಿಂದ ಊದುವ ವಿಶೇಷ ಬಲೂನನ್ನು ದಿನಕ್ಕೆ 3 ಸಲ ಬಳಸಬಹುದು. ಆಟದಂತೆ ಒಪ್ಪಿದರೆ ಫಲವಿದೆ, ಅತ್ತು ಕರೆದು ಊದಿಸಿದರೆ ಇಲ್ಲ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಸಿರಪ್ 4 ವರ್ಷದೊಳಗಿನವರಿಗೆ ಕೊಡಬಾರದು.

ಮೂರು ತಿಂಗಳ ನಂತರವೂ ಎರಡೂ ಕಿವಿಯಲ್ಲಿ ನೀರಿದ್ದು ಕೇಳುವಿಕೆ ಕುಗ್ಗಿದ್ದರೆ ಗ್ರಾಮೆಟ್, ಬೇಕಾದರೆ ಅಡಿನಾಯ್ಡ್ ತೆಗೆಯುವುದು.

ಗ್ರಾಮೆಟ್ ಎಂದರೆ ಏನು? ಸ್ನಾನ, ಈಜು?

ತಮಟೆಯಲ್ಲಿ ಚಿಕ್ಕ ಸೀಳು ಮಾಡಿ, ನೀರು ಹೀರಿ ತೆಗೆದು, ಸುಮಾರು 1 ಮಿಲಿಮೀಟರ್ ರಂಧ್ರವಿರುವ ಪುಟ್ಟ ಕೊಳವೆ ಕೂರಿಸುತ್ತಾರೆ. ಮೂಗಿನ ದಾರಿ ಕಟ್ಟಿದ್ದರೂ ಹೊರಗಿನ ಕಿಟಕಿಯಿಂದ ಗಾಳಿಯಾಡುತ್ತದೆ. ಮಕ್ಕಳಿಗೆ ಪೂರ್ತಿ ಅರಿವಳಿಕೆ, ದೊಡ್ಡವರಿಗೆ ಜಾಗ ಮರಗಟ್ಟಿಸಿ ಮಾಡಬಹುದು. 6ರಿಂದ 12 ತಿಂಗಳಲ್ಲಿ ತಾನಾಗಿ ಕಳಚಿ ಬರುತ್ತದೆ, ಕೆಲವರಲ್ಲಿ ಇನ್ನೂ ತಡ. ಕೆಲವೇ ಮಂದಿಯಲ್ಲಿ ತೂತು ಮುಚ್ಚದೆ ಉಳಿಯುವುದುಂಟು.

ಮಾಮೂಲಿ ಸ್ನಾನಕ್ಕೆ ಭಯ ಬೇಡ, ಸೋಪಿನ ನೀರು ಕಿವಿಗಿಳಿಯದಂತೆ ವ್ಯಾಸಲೀನ್ ಸವರಿದ ಹತ್ತಿ ಇಟ್ಟರೆ ಸಾಕು. ಕೆರೆಗೆ ಧುಮುಕುವುದು, ನಾಲೆಯಲ್ಲಿ ಮುಳುಗು ಹಾಕುವುದು ಬೇಡವೇ ಬೇಡ. ಸೋರಿದರೆ ಗಾಬರಿಯಾಗದೆ ತೋರಿಸಿ, ಸಾಮಾನ್ಯವಾಗಿ ಸಿಪ್ರೋಫ್ಲಾಕ್ಸಾಸಿನ್ ಡ್ರಾಪ್ಸ್‌ನಲ್ಲಿ ನಿಲ್ಲುತ್ತದೆ.

ಬಲೂನ್ ಚಿಕಿತ್ಸೆಯ ಬಗ್ಗೆ ಕೇಳುತ್ತಿದ್ದೇವೆ. ಮಾಡಿಸಬಹುದೇ?

ಇದು ಮೇಲೆ ಹೇಳಿದ ಊದುವ ಬಲೂನಲ್ಲ, ಆಪರೇಷನ್. ಅರಿವಳಿಕೆ ಕೊಟ್ಟು ಮೂಗಿನಿಂದ ಎಂಡೋಸ್ಕೋಪ್ ಬಿಟ್ಟು, ನಾಳದ ಮೃದ್ವಸ್ಥಿಯ ಭಾಗಕ್ಕೆ ಸಣ್ಣ ಬಲೂನ್ ತೂರಿಸಿ, 10-12 ವಾತಾವರಣದಷ್ಟು ಒತ್ತಡಕ್ಕೆ 2 ನಿಮಿಷ ಉಬ್ಬಿಸಿ, ಇಳಿಸಿ ತೆಗೆಯುತ್ತಾರೆ. ಒಂದು ಬಗೆಯ ಬಲೂನ್ 6 ಮಿಲಿಮೀಟರ್ ಅಗಲ, 16 ಉದ್ದ; ಇನ್ನೊಂದು 3 ಅಗಲ, 20 ಉದ್ದ. ಒಳಗೆ ಏನನ್ನೂ ಬಿಟ್ಟು ಬರುವುದಿಲ್ಲ. ಮೂಳೆಯ ಭಾಗಕ್ಕೆ ಬಲೂನ್ ಒಯ್ಯುವುದಿಲ್ಲ, ಅದರ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿ ಇದೆ.

ಮೂರು ತಿಂಗಳು ದಾಟಿದ, ಪರೀಕ್ಷೆಯಲ್ಲಿ ಕಾಣುವ ಕಟ್ಟು ಇದ್ದು, ಅಲರ್ಜಿ-ಆಮ್ಲದ ಚಿಕಿತ್ಸೆ ನೆಟ್ಟಗೆ ಮಾಡಿಯೂ ಬಿಡದ ದೊಡ್ಡವರಿಗೆ ಇದು ಹೊಂದುತ್ತದೆ. ಸ್ಪ್ರೇಯನ್ನೇ ಸರಿಯಾಗಿ ಹೊಡೆಯದವರಿಗೆ ಅವಸರವಿಲ್ಲ. ಆಪರೇಷನ್ ಆದ ಮೊದಲ ದಿನಗಳಲ್ಲಿ ಮೂಗು ಸೀದುವುದು, ಹಿಡಿದು ಊದುವುದು ಬೇಡ, ಗಾಳಿ ಚರ್ಮದಡಿ ಸೇರಿ ಕೆನ್ನೆ-ಕುತ್ತಿಗೆ ಉಬ್ಬಬಹುದು. ಸೀನು ಬಂದರೆ ಬಾಯಿ ತೆರೆದು ಸೀನಿ. ಫಲ ಕಾಣಲು ವಾರಗಳು ಬೇಕು.

ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ನೀರು ನಿಂತರೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೆಗಡಿಯಿಲ್ಲದೆ ಒಂದೇ ಕಡೆ ನೀರು ತುಂಬಿ ವಾರಗಟ್ಟಲೆ ಉಳಿದರೆ ಮೂಗಿನ ಹಿಂಭಾಗವನ್ನು ಎಂಡೋಸ್ಕೋಪಿನಲ್ಲಿ ನೋಡಲೇಬೇಕು. ಅಲ್ಲಿ ಬೆಳೆದ ಗಡ್ಡೆ ನಾಳದ ಬಾಯನ್ನು ಒತ್ತಿರಬಹುದು, ಕ್ಯಾನ್ಸರಿನ ಮೊದಲ ಸುಳಿವು ಇದೊಂದೇ ಆಗಿರಬಹುದು. ಕುತ್ತಿಗೆಯಲ್ಲಿ ಗಂಟು, ಮೂಗಿನಿಂದ ರಕ್ತ ಇದ್ದರೆ ಇನ್ನೂ ಬೇಗ. ನೋಡದೆ ಗ್ರಾಮೆಟ್ ಹಾಕಿ ಕಳಿಸುವುದು ತಪ್ಪು.

ನನ್ನ ಧ್ವನಿ, ಉಸಿರು ನನ್ನ ಕಿವಿಯಲ್ಲೇ ಗುಂಯ್‌ಗುಡುತ್ತದೆ. ಮಲಗಿದರೆ ಸರಿಹೋಗುತ್ತದೆ.

ಅದು ಕಟ್ಟಿದ ನಾಳವಲ್ಲ, ಮುಚ್ಚದ ನಾಳ. ತೂಕ ಬೇಗ ಇಳಿಸಿಕೊಂಡವರಲ್ಲಿ, ಗರ್ಭಿಣಿಯರಲ್ಲಿ ಕಾಣುತ್ತದೆ. ಮೂಗು ಒಣಗಿಸುವ ಡ್ರಾಪ್ಸ್, ಸ್ಟೀರಾಯ್ಡ್ ಸ್ಪ್ರೇ ಇದನ್ನು ಹೆಚ್ಚಿಸುತ್ತವೆ. ಚೆನ್ನಾಗಿ ನೀರು ಕುಡಿಯುವುದು, ಉಪ್ಪುನೀರಿನ ಹನಿ, ಕಳೆದ ತೂಕ ಸ್ವಲ್ಪ ಮರಳಿಸುವುದು ಮೊದಲ ಹೆಜ್ಜೆ.

ನೆಗಡಿಯಿದೆ, ನಾಡಿದ್ದು ವಿಮಾನ. ಹೋಗಬಹುದೇ?

ಮುಂದೂಡಲು ಸಾಧ್ಯವಾದರೆ ಮುಂದೂಡಿ. ಆಗದಿದ್ದರೆ, ಬಿಪಿ-ಹೃದಯದ ತೊಂದರೆ ಇಲ್ಲದ ದೊಡ್ಡವರು ಇಳಿಯಲು ಶುರುಮಾಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಆಕ್ಸಿಮೆಟಜೋಲಿನ್ ಹಾಕಿಕೊಳ್ಳಲಿ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹೊರಡುವ ಗಂಟೆ-ಒಂದೂವರೆ ಗಂಟೆಯ ಪ್ರಯಾಣವಾದರೆ ಹತ್ತುವ ಮುನ್ನವೇ ಹಾಕಿದರೂ ಲೆಕ್ಕ ಸರಿಹೋಗುತ್ತದೆ. ಇಳಿಯುವ ಹೊತ್ತಿಗೆ ನಿದ್ದೆ ಬೇಡ, ಕೂಸಿಗೆ ಹಾಲು ಕುಡಿಸಿ. ಇಳಿದು ಒಂದು ದಿನವಾದರೂ ಬಿಡದಿದ್ದರೆ, ಕಿವಿಯಿಂದ ರಕ್ತ ಬಂದರೆ, ತಲೆ ಸುತ್ತಿದರೆ ತೋರಿಸಿ.

ಎಲ್ಲ ಪರೀಕ್ಷೆಯೂ ನಾರ್ಮಲ್, ಆದರೂ ಕಟ್ಟಿದ ಹಾಗಿದೆ. ಇನ್ನೇನು ಉಳಿದಿದೆ?

ದವಡೆ ನೋಡಿಸಿ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ: ಕಟಕ್ ಎನ್ನುತ್ತದೆಯೇ, ಒತ್ತಿದರೆ ನೋವೇ? ರಾತ್ರಿ ಹಲ್ಲು ಕಡಿಯುವವರು, ಒಂದೇ ಕಡೆ ಅಡಿಕೆ ಅಗಿಯುವವರಲ್ಲಿ ದವಡೆ ಕೀಲು ಉರಿಗೊಂಡು ಕಿವಿ ಕಟ್ಟಿದ ಭಾವವನ್ನೇ ಕೊಡುತ್ತದೆ. ಮೆತ್ತನೆಯ ಊಟ, ಬಿಸಿಬಟ್ಟೆಯ ಶಾಖ, ಅಡಿಕೆಗೆ ರಜೆ. ಎರಡು-ಮೂರು ವಾರದಲ್ಲಿ ತಗ್ಗದಿದ್ದರೆ ದಂತವೈದ್ಯರು ಹಲ್ಲಿಗೆ ರಾತ್ರಿ ಹಾಕುವ ಪಟ್ಟಿ ಮಾಡಿಕೊಡುತ್ತಾರೆ.